ಜಡ್ಜ್ ಸಾಹೇಬ್ರ ಕೊನೆಯ ಅಧ್ಯಾಯ

ನನ್ನ ಸೋದರಮಾವನಿಗೆ ಅಮೆರಿಕದಲ್ಲಿ ಒಬ್ಬರೇ ಒಬ್ಬರು ಆಪ್ತ ಗೆಳೆಯರು. ಅವರು ತೀರಿಕೊಂಡು ಇನ್ನೂರು ವರ್ಷವಾಗಿತ್ತು ಅನ್ನುವುದೊಂದು ಬಿಟ್ಟರೆ ಗೆಳೆತನಕ್ಕೆ ಯಾವ ಕೊರತೆಯೂ ಇರಲಿಲ್ಲ.

ಮಾಮಾ ಧಾರವಾಡದವರು, ಕಾರ್ಲ್ಸ್‌ಬಾಡ್‌ನಲ್ಲಿ ಟೆಲಿಕಾಂ ಎಂಜಿನಿಯರ್ ಆಗಿದ್ದು ರಿಟೈರ್ ಆದವರು. ಕೋವಿಡ್ ಕಾಲದಲ್ಲಿ ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡಿದರು. ಅದಕ್ಕಿರುವ ಅಮೆರಿಕದ ಇತಿಹಾಸದ ಪರೀಕ್ಷೆಗೆ ಬೇರೆಯವರು ಪ್ರಶ್ನೆಗಳ ಪಟ್ಟಿ ಉರು ಹೊಡೆಯುತ್ತಾರೆ. ಇವರು ಲೈಬ್ರರಿಯಿಂದ ಇಟ್ಟಿಗೆಯಂಥ ಒಂದು ಜೀವನಚರಿತ್ರೆ ತಂದರು. ದೇಶ ಹುಟ್ಟಿದ ಹೊಸದರಲ್ಲಿ ಶಾಸನಸಭೆಯಲ್ಲಿದ್ದು, ನ್ಯಾಯಾಧೀಶರಾಗಿ, ಐವತ್ತು ದಾಟಿದ ಮೇಲೆ ಹೆಂಡತಿ ಮಕ್ಕಳನ್ನು ಗಾಡಿಗೆ ಹತ್ತಿಸಿಕೊಂಡು ಬೆಟ್ಟದಾಚೆಯ ಕಾಡಿನಲ್ಲಿ ನೆಲೆಸಿದ ಒಬ್ಬರ ಕಥೆ. ಹೆಸರು ಹೇಳಿದರೂ ನಿಮಗೆ ಗೊತ್ತಾಗಲಿಕ್ಕಿಲ್ಲ, ಅಮೆರಿಕದವರಿಗೇ ಗೊತ್ತಿಲ್ಲ. ಮಾಮಾ ಮಾತ್ರ ‘ಜಡ್ಜ್ ಸಾಹೇಬ್ರು’ ಅನ್ನುತ್ತಿದ್ದರು, ಪಕ್ಕದ ಓಣಿಯವರೇನೋ ಅನ್ನುವ ಹಾಗೆ!

ಒಂದು ದಿನ ಮಾಮಿ ಉಪ್ಪಿಟ್ಟಿಗೆ ಉಪ್ಪು ಹಾಕುವುದು ಮರೆತರು.

“ಇರಲಿ ಬಿಡು, ಜಡ್ಜ್ ಸಾಹೇಬ್ರು ಕಾಡಿನ್ಯಾಗ ಉಪ್ಪಿಲ್ಲದ ಊಟಾನೇ ಮಾಡ್ಯಾರ,” ಅಂದರು ಮಾಮಾ.

“ಹಂಗಾರ ನೀವೂ ಕಾಡಿಗೆ ಹೋಗ್ರಿ. ಹೋಗೂ ಮುಂದ ಕಸದ ಡಬ್ಬಿ ಹೊರಗಿಟ್ಟು ಹೋಗ್ರಿ,” ಅಂದರು ಮಾಮಿ.

ಸ್ಯಾನ್ ಡಿಯಾಗೋದಲ್ಲಿ ಇಂಟರ್‌ವ್ಯೂ. ಕರೆದುಕೊಂಡು ಹೋದವಳು ನಾನೇ. ಹತ್ತು ಪ್ರಶ್ನೆಗಳಲ್ಲಿ ಆರಕ್ಕೆ ಸರಿಯುತ್ತರ ಕೊಟ್ಟರೆ ಪಾಸು, ಅಲ್ಲಿಗೇ ನಿಲ್ಲಿಸುತ್ತಾರೆ. ಮಾಮಾ ಮುಖ ಸಪ್ಪಗೆ ಮಾಡಿಕೊಂಡು ಹೊರಬಂದರು.

“ಫೇಲಾ ಮಾಮಾ?”

“ಪಾಸ್ ಆದೆ ಅವ್ವಾ. ಉಳಿದ ನಾಲ್ಕೂ ಕೇಳ್ರಿ ಅಂದೆ. ಆ ಆಫೀಸರ್ ಬಾಯಾರು ನಕ್ಕು, ಸಾಕು ಅಂದ್ರು. ಜಡ್ಜ್ ಸಾಹೇಬ್ರ ವಿಷಯ ಬರಲೇ ಇಲ್ಲ.”

ಆಮೇಲೆ ಜ್ಯೂರಿ ಡ್ಯೂಟಿಯ ಕಾಗದ ಬಂತು, ಸಾಮಾನ್ಯ ನಾಗರಿಕರೇ ಕೋರ್ಟಿನಲ್ಲಿ ಕೂತು ತೀರ್ಪು ಹೇಳುವ ಕೆಲಸ. ನಮ್ಮ ಜನ ತಪ್ಪಿಸಿಕೊಳ್ಳಲು ಬೆನ್ನುನೋವು ಹುಡುಕುವ ಕೆಲಸಕ್ಕೆ ಇವರು ಸೂಟು ಇಸ್ತ್ರಿ ಮಾಡಿಸಿ, ಒಂದು ತಾಸು ಮೊದಲೇ ಕೋರ್ಟಿಗೆ ಹೋದರು. “ನೀವು ನಿಷ್ಪಕ್ಷಪಾತವಾಗಿ ಯೋಚಿಸಬಲ್ಲಿರಾ?” ಅಂತ ವಕೀಲರು ಕೇಳಿದ್ದಕ್ಕೆ ಹೌದು ಅನ್ನುವುದು ಬಿಟ್ಟು, ಜಡ್ಜ್ ಸಾಹೇಬ್ರು ಸ್ವಂತ ಅಳಿಯನಿಗೇ ದಂಡ ಹಾಕಿದ ಕಥೆ ಶುರುಮಾಡಿದರು. ಇವರು ಬೇಡ ಅಂದರು, ಮಧ್ಯಾಹ್ನದ ಊಟಕ್ಕೆ ಮನೆಗೇ ವಾಪಸ್ಸು!

ಹೀಗಿರುವಾಗ ಪೊಮೊನಾದಲ್ಲಿ ನಡೆಯುವ ಕನ್ನಡ ಶಾಲೆಯವರು, ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ಜಡ್ಜ್ ಸಾಹೇಬ್ರ ಬಗ್ಗೆ ಹೇಳಿ ಅಂತ ಮಾಮಾನನ್ನು ಕರೆದರು. ಮೂರು ವರ್ಷದಿಂದ ಕಾದಿದ್ದ ದಿನ. ನಾನು ಬರ್ಬ್ಯಾಂಕ್‌ನಿಂದ ಹೋದೆ, ವಿಡಿಯೋ ಮಾಡಲೆಂದು. ಹಳಬರೆಲ್ಲ ಕುರ್ಚಿಯಲ್ಲಿ ಆರಾಮಾಗಿ ಒರಗಿದರು, ಅಳಿಯನ ಕಥೆಗೆ ಎಲ್ಲಿ ನಗಬೇಕೆಂದು ಅವರಿಗೆ ಗೊತ್ತಿತ್ತು.

ಮಾಮಾ ಆ ಕಥೆ ಹೇಳಲೇ ಇಲ್ಲ.

“ಮಕ್ಕಳಾ, ಈ ಭಾಷಣಕ್ಕಂತ ಮತ್ತೊಂದು ಪುಸ್ತಕ ತಂದು ಓದಿದೆ,” ಅಂದರು. “ಜಡ್ಜ್ ಸಾಹೇಬ್ರು ಮನಿ ಕಟ್ಟಿದ ಕಾಡು ಖಾಲಿ ಇರಲಿಲ್ಲ. ಅಲ್ಲಿ ಜನ ಇದ್ರು, ಅವರನ್ನ ಓಡಿಸಿದ್ರು. ಸಾಯೂ ಮುಂದ ಬರೆದ ಉಯಿಲಿನ್ಯಾಗ ಕುದುರಿ, ಪಾತ್ರೆ ಬರೆದ ಕೆಳಗ ಮನಷ್ಯಾರ ಹೆಸರೂ ಬರದಾರ. ಗುಲಾಮರು. ಒಂದು ಹೆಸರು ಎಂಟು ವರ್ಷದ ಹುಡುಗೀದು. ನಾನು ಎಲ್ಲರಿಗೂ ಅರ್ಧ ಕಥೀನೇ ಹೇಳಿದ್ದೆ. ಅದು ನನ್ನ ತಪ್ಪು.”

ಕುರ್ಚಿಗೆ ಒರಗಿದ್ದವರು ನೆಟ್ಟಗೆ ಕೂತರು. ನಾನು ಫೋನ್ ಕೆಳಗಿಳಿಸಿದೆ.

ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಕೇಳಿದಳು, “ಅಂಕಲ್, ನಿಮಗೆ ಅವರು ಈಗಲೂ ಇಷ್ಟಾನಾ?”

ಮಾಮಾ ಕನ್ನಡಕ ತೆಗೆದು ಒರೆಸಿದರು. “ಮೊದಲಿನಂಗ ಇಲ್ಲ, ತಂಗಿ. ಅವರ ನ್ಯಾಯ ಖರೇ ಇತ್ತು, ಆದ್ರ ಎಲ್ಲಾರಿಗೂ ಇರಲಿಲ್ಲ. ಇನ್ನ ಮ್ಯಾಲೆ ಎರಡೂ ಕೂಡಿಸೇ ಹೇಳ್ತೀನಿ.”

ವೇದಿಕೆ ಇಳಿಯುವಾಗ ಮೆಟ್ಟಿಲಲ್ಲಿ ತಡವರಿಸಿದರು. ಓಡಿಹೋಗಿ ಕೈಹಿಡಿದೆ. ಗೆಳೆಯನನ್ನು ಕಳೆದುಕೊಂಡವರ ಮುಖ ಅದು. ಆ ಗೆಳೆಯನನ್ನು ನಾಲ್ಕು ಜನರ ಎದುರಿಗೆ, ಯಾರೂ ಕೇಳದೆಯೇ, ತಾವಾಗಿ ಕಳೆದುಕೊಂಡಿದ್ದರು.

ಪಕ್ಕದಲ್ಲಿದ್ದ ಒಬ್ಬರು, “ಯಾರಿವರು?” ಅಂತ ಮೆಲ್ಲಗೆ ಕೇಳಿದರು.

“ನನ್ನ ಸೋದರಮಾವ,” ಅಂದೆ. ಸ್ವಲ್ಪ ಜೋರಾಗಿಯೇ.