ಗಿರಣಿ ಲೈನಿನ ಹಳೇ ಮಂದಿ

ಕಂಪ್ಲಿ ಬಸ್ ಸ್ಟ್ಯಾಂಡಿನ ಎದುರು ಹೊಲಿಗೆ ಮಷೀನು ಇಟ್ಟುಕೊಂಡಿದ್ದ ಮೈಲಾರಲಿಂಗಪ್ಪನ ಗ್ರಹಚಾರ ಕೆಟ್ಟಿದ್ದು ನೋಟೀಸಿನ ಒಂದೇ ಒಂದು ಸಾಲಿನಿಂದ. ‘ಅರ್ಜಿದಾರರು ಗಿರಣಿ ಲೈನಿನಲ್ಲಿ ವಾಸವಿದ್ದುದಕ್ಕೆ ಮೂವರು ಹಳೆಯ ನಿವಾಸಿಗಳನ್ನು ಸಾಕ್ಷಿಯಾಗಿ ಕರೆತಂದು ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ವಿಚಾರಣೆಗೆ ಹಾಜರಾಗತಕ್ಕದ್ದು.’

ಗಿರಣಿ ಲೈನು ಅಂದರೆ ಹೊಸಪೇಟೆಯ ಅಂಚಿನಲ್ಲಿ, ಹತ್ತಿ ಗಿರಣಿಯ ಹಿಂದೆ, ಕೂಲಿಗಳಿಗೆಂದು ಕಟ್ಟಿದ್ದ ಹದಿನಾರು ಕೋಣೆಗಳು. ಮೈಲಾರಲಿಂಗಪ್ಪ ಹುಟ್ಟಿದ್ದು ಅಲ್ಲೇ. ಅವನಿಗೆ ಹನ್ನೊಂದು ವರ್ಷವಾದಾಗ ಗಿರಣಿ ಮುಚ್ಚಿತು, ಅಪ್ಪ ಸಂಸಾರ ಕಟ್ಟಿಕೊಂಡು ಕಂಪ್ಲಿಗೆ ಬಂದ. ಇಪ್ಪತ್ತಾರು ವರ್ಷದ ಮೇಲೆ ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂತು. ಯಾರೋ ಆ ಜಾಗ ಕೊಂಡು, ಕೋಣೆಗಳನ್ನೆಲ್ಲ ಕೆಡವಿ, ಅದಿರು ಸುರಿಯುವ ಯಾರ್ಡು ಮಾಡಿದರು. ಒಂದಿಷ್ಟು ಗಲಾಟೆಯಾದ ಮೇಲೆ, ಲೈನಿನಲ್ಲಿದ್ದವರಿಗೆ ಮಲಪನಗುಡಿ ರಸ್ತೆಯಲ್ಲಿ ಒಂದೊಂದು ಸೈಟು ಕೊಡುವುದೆಂದು ಒಪ್ಪಂದವಾಯಿತು. ಕೋಣೆಗಳಿದ್ದದ್ದು ಹದಿನಾರು, ಬಂದ ಅರ್ಜಿ ನಲವತ್ತೊಂದು. ಕೋಣೆಗಳು ಗಿರಣಿಯವು, ಹಾಗಾಗಿ ಯಾರ ಕೈಯಲ್ಲೂ ಒಂದು ಚೀಟಿ ಕೂಡ ಇಲ್ಲ. ಬಾಯಿಮಾತಿನಲ್ಲೇ ವಿಚಾರಣೆ ಎಂದು ತೀರ್ಮಾನಿಸಿದವರು ಸೌಜನ್ಯ ಮೇಡಂ. ಚಿಕ್ಕ ವಯಸ್ಸಿನ ಆಫೀಸರು, ಚಹಾ ತಂದುಕೊಟ್ಟರೂ ಇದರಲ್ಲಿ ಏನು ಹಾಕಿದ್ದೀಯ ಎಂಬಂತೆ ನೋಡುವವರು.

ಮೈಲಾರಲಿಂಗಪ್ಪ ಹನ್ನೆರಡು ವರ್ಷದಲ್ಲಿ ಐದು ಬಾಡಿಗೆ ಮನೆ ಬದಲಿಸಿದ್ದ. ಐದನೆಯದರ ಮಾಲೀಕನೂ ದೀಪಾವಳಿಯೊಳಗೆ ಖಾಲಿ ಮಾಡಿ ಎಂದಿದ್ದ. ಹೆಂಡತಿ ಗಂಗಾಂಬಿಕಾ ಬುತ್ತಿ ಕಟ್ಟಿ ಕೊಡುತ್ತಾ, ಸೈಟಿನ ಕಾಗದ ಇಲ್ಲದೆ ಈ ಹೊಸ್ತಿಲು ತುಳಿಯಬೇಡಿ ಎಂದು ಸಮಾಧಾನದಿಂದಲೇ ಹೇಳಿದಳು. ಅವಳು ಸಮಾಧಾನದಿಂದ ಹೇಳಿದರೆ ಅವನಿಗೆ ಹೆದರಿಕೆ ಜಾಸ್ತಿ.

ಅದಿರಿನ ಲಾರಿಗಳ ನಡುವೆ ಸಿಕ್ಕಿಬಿದ್ದ ಬಸ್ಸು ಹೊಸಪೇಟೆ ಸೇರುವಾಗ ಹತ್ತು ದಾಟಿತ್ತು. ಕೆಂಪು ಧೂಳಿಗೆ ಬಿಳಿ ಅಂಗಿ ಕಾವಿಗೆ ತಿರುಗಿತ್ತು. ಇಳಿಯುವಾಗ ಒಬ್ಬ ಮುದುಕಿ ಕೈ ಮುಗಿದಳು, ಇವನೂ ತಡಬಡಾಯಿಸಿ ಆಶೀರ್ವಾದ ಮಾಡಿಬಿಟ್ಟ.

ಆಫೀಸಿನ ಬೋರ್ಡಿನಲ್ಲಿ ಅರ್ಜಿದಾರರ ಹೆಸರು, ವಿಳಾಸ ಅಂಟಿಸಿದ್ದರು. ಅರ್ಜಿ ಹಾಕಿದವರೆಂದರೆ ಲೈನಿನವರೇ ತಾನೇ ಎಂದು ಹತ್ತಿರದ ಮೂರು ವಿಳಾಸ ಬರೆದುಕೊಂಡು ಹೊರಟ.

ಮೊದಲನೆಯವನು ಬೈಪಾಸಿನ ಪಂಕ್ಚರ್ ಅಂಗಡಿ ಕೊಟ್ರಯ್ಯ. ಮುಖದ ಗುರುತು ಹತ್ತಲಿಲ್ಲ. ಆದರೆ ಇಪ್ಪತ್ತಾರು ವರ್ಷದಲ್ಲಿ ಯಾರ ಮುಖ ತಾನೇ ಹಾಗೇ ಇರುತ್ತದೆ? ಗುರುತು ಸಿಗಲಿಲ್ಲ ಎಂದರೆ ಪಾಪ, ಬೇಜಾರು ಮಾಡಿಕೊಂಡಾನು ಎಂದು ಹಲ್ಲು ಕಿರಿದು ನಿಂತ. ಕೊಟ್ರಯ್ಯ ಮಾತ್ರ ಅವನನ್ನು ಸವೆದ ಟೈರು ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದ.

“ಲೈನಿನ್ಯಾಗ ಇದ್ರೇನು ನೀವು? ಈಗ ಎಲ್ಲಾರೂ ಲೈನಿನವ್ರೇ ಆಗ್ಯಾರ. ಖರೇ ಇದ್ರ ಏನೇನಿತ್ತು ಹೇಳ್ರಿ ನೋಡೂಣು.”

ಮೈಲಾರಲಿಂಗಪ್ಪನಿಗೆ ಅಷ್ಟೇ ಸಾಕಿತ್ತು. ಎದುರುಬದುರು ಎಂಟೆಂಟು ಕೋಣೆ, ನಡುವೆ ಒಂದೇ ನಲ್ಲಿ, ಬೇವಿನ ಮರಕ್ಕೆ ಮೊಳೆ ಹೊಡೆದಿದ್ದ ಒಂದೇ ಕನ್ನಡಿ, ಇಡೀ ಲೈನು ತಲೆ ಬಾಚುತ್ತಿದ್ದದ್ದು ಅದರ ಮುಂದೆಯೇ. ಸಂಜೆ ಕೆಲಸ ಬಿಟ್ಟು ಬರುವಾಗ ತಲೆ ತುಂಬ ಹತ್ತಿಯ ಎಳೆ ಮೆತ್ತಿಕೊಂಡು ಹರೆಯದವರೂ ಮುದುಕರಾಗಿ ಕಾಣುತ್ತಿದ್ದದ್ದು. ಮ್ಯಾನೇಜರನ ನಾಯಿ ಅಪ್ಪನ ಮೀನಖಂಡ ಕಚ್ಚಿದ್ದು. ಕೊಟ್ರಯ್ಯ ಟ್ಯೂಬನ್ನು ನೀರಿನಲ್ಲಿ ಅದ್ದುತ್ತಾ, ಮುಂದ, ಮುಂದ ಎಂದ. ನಾಯಿಯ ಹೆಸರೇನು ಎಂದೂ ಕೇಳಿದ. ಹೆಸರು ನೆನಪಾಗಲಿಲ್ಲ. ಇಷ್ಟಕ್ಕೇ ಸೈಟು ಕೈ ತಪ್ಪೀತೆಂದು ಗಾಬರಿಯಾಗಿ ಬಾಯಿಗೆ ಬಂದದ್ದು ಹೇಳಿಬಿಟ್ಟ.

“ಟೈಗರ್.”

ಕೊಟ್ರಯ್ಯ ಟ್ಯೂಬನ್ನು ನೀರಿನಿಂದ ಮೇಲೆತ್ತಿ, ಸರಿ ಐತಿ, ಮೂರಕ್ಕ ಬರ್ತೀನಿ ಎಂದ. ಬಾಯಿಗೆ ಬಂದದ್ದೇ ನಿಜವಾದ ಹೆಸರಾಗಿತ್ತಲ್ಲ ಎಂದು ಮೈಲಾರಲಿಂಗಪ್ಪ ತನ್ನ ನೆನಪಿನ ಶಕ್ತಿಗೆ ತಾನೇ ಬೆರಗಾದ.

ಎರಡನೆಯವಳು ದುರ್ಗಕ್ಕ, ಮಂಡಕ್ಕಿ ಮಿರ್ಚಿ ಬಂಡಿಯವಳು. ಅವಳ ಅನುಮಾನ ಇನ್ನೂ ದೊಡ್ಡದು. ಲೈನಿನವನಾಗಿದ್ದರೆ ನನ್ನ ಮನೆ ಯಾವುದಿತ್ತು ಹೇಳು ಎಂದು ಸೊಂಟದ ಮೇಲೆ ಕೈಯಿಟ್ಟಳು. ಪಂಚಮಿಗೆ ಶೇಂಗಾ ಉಂಡಿ ಕಟ್ಟುತ್ತಿದ್ದ ದಪ್ಪನೆಯ ಹೆಂಗಸೊಬ್ಬಳು ಇವನಿಗೆ ನೆನಪಿದ್ದಳು. ನೀವು ಮೂಲೆಮನೆ ಚಿಗವ್ವ ಅಲ್ಲವೇ ಎಂದ. ಮತ್ತ ಯಾರಂತ ಮಾಡಿ ಎಂದಳು ದುರ್ಗಕ್ಕ. ಅವಳ ಮನಸ್ಸು ಕರಗಲೆಂದು, ಡಬ್ಬಿಯಿಂದ ಉಂಡಿ ಕದಿಯುತ್ತಿದ್ದವನು ತಾನೇ ಎಂದು ಒಪ್ಪಿಕೊಂಡ. ಮನಸ್ಸು ಕರಗಲಿಲ್ಲ. ಇಷ್ಟು ವರ್ಷ ಸುಮ್ಮನೆ ಗಿರಣಿಯ ವಾಚ್‌ಮನ್ನನ್ನು ಬೈದುಕೊಂಡೆನಲ್ಲ ಎಂದು ಕೂಗಾಡಿ, ತಪ್ಪಿಗೆ ದಂಡವೆಂದು ಒಂದು ಪುಟ್ಟಿ ಮೆಣಸಿನಕಾಯಿ ಸೀಳಲು ಕೂರಿಸಿದಳು. ಅವನು ಸೀಳುತ್ತಾ ಹೋದ, ಅವಳು ಉಂಡಿಗೆ ಏನೇನು ಹಾಕುತ್ತಿದ್ದೆ, ಡಬ್ಬಿ ಎಲ್ಲಿಡುತ್ತಿದ್ದೆ ಎಂದು ಒಂದೊಂದೇ ಕೇಳುತ್ತಾ ಹೋದಳು. ಮರೆತು ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡ. ಆಮೇಲೆ ಅರ್ಧ ಗಂಟೆ ಅವನಿಗೆ ಪ್ರಪಂಚ ಕಾಣಲಿಲ್ಲ.

ಮೂರನೆಯವರು ಜಡೆಪ್ಪನವರು, ಲಾರಿ ಆಫೀಸೊಂದರಲ್ಲಿ ಗುಮಾಸ್ತರು. ಉರಿಯುವ ಕಣ್ಣಲ್ಲಿ ಬಂದವನನ್ನು ನೋಡಿ, ಕುಡಿದು ಬಂದಿರಾ ಎಂದರು. ಇಲ್ಲವೆಂದರೆ ನಂಬಲಿಲ್ಲ, ಬಾಯಿ ಊದಿಸಿ ಮೂಸಿ ನೋಡಿದರು. ಆಮೇಲೆ ನೋಟ್‌ಬುಕ್ ತೆರೆದು, ಪರಿಶೀಲನೆ ಮಾಡದೆ ನಾನು ಯಾರಿಗೂ ಸಾಕ್ಷಿ ಹೇಳುವವನಲ್ಲ ಎಂದು ಪೆನ್ನು ಬಿಚ್ಚಿದರು. ಯಾವ ಕೋಣೆಯಲ್ಲಿ ಯಾರಿದ್ದರು, ಯಾರ ಮನೆಯಲ್ಲಿ ರೇಡಿಯೋ ಇತ್ತು, ಎಲ್ಲ ಬರೆದುಕೊಂಡರು. ನಕ್ಷೆಯನ್ನೂ ಇವನ ಕೈಯಲ್ಲೇ ಬರೆಸಿ, ಮಡಚಿ ಜೇಬಿಗಿಟ್ಟುಕೊಂಡರು. ಇಂಥ ಕಟ್ಟುನಿಟ್ಟಿನ ಮನುಷ್ಯನ ಸಾಕ್ಷಿ ಸಿಕ್ಕಿತಲ್ಲ ಎಂದು ಮೈಲಾರಲಿಂಗಪ್ಪ ಖುಷಿಯಾದ.

ಮೂರಕ್ಕೆ ಮೂವರೂ ಬಂದರು. ಅರ್ಜಿದಾರರ ಪಟ್ಟಿಯಲ್ಲಿ ಅವರ ಹೆಸರು ಮೊದಲಿತ್ತು. ಇವನು ಬೆಂಚಿನ ಮೇಲೆ ಕೂತ.

ಕೊಟ್ರಯ್ಯ ಶುರು ಮಾಡಿದ. ಎದುರುಬದುರು ಎಂಟೆಂಟು ಕೋಣೆ, ಒಂದೇ ನಲ್ಲಿ, ಬೇವಿನ ಮರದ ಕನ್ನಡಿ. ಮೈಲಾರಲಿಂಗಪ್ಪನ ಎದೆ ತುಂಬಿ ಬಂತು, ಹೌದು ಹೌದು ಎಂದು ತಲೆಯಾಡಿಸಿದ. ಆಮೇಲೆ ಕೊಟ್ರಯ್ಯ, ಮ್ಯಾನೇಜರನ ನಾಯಿ ಟೈಗರ್ ನಮ್ಮಪ್ಪನ ಮೀನಖಂಡ ಕಚ್ಚಿತ್ರಿ ಎಂದ. ಮೈಲಾರಲಿಂಗಪ್ಪನ ತಲೆ ಅಲ್ಲೇ ನಿಂತಿತು. ಟೈಗರ್ ಹುಟ್ಟಿದ್ದು ಇವತ್ತು ಬೆಳಿಗ್ಗೆ, ಪಂಕ್ಚರ್ ಅಂಗಡಿಯಲ್ಲಿ, ತನ್ನ ಬಾಯಿಂದ. ಕಚ್ಚಿಸಿಕೊಂಡಿದ್ದು ತನ್ನ ಅಪ್ಪ.

ದುರ್ಗಕ್ಕ ಪಂಚಮಿಯ ಉಂಡಿ ನೆನೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಜಡೆಪ್ಪನವರು ನಕ್ಷೆ ಹರಡಿ ಒಂದೊಂದು ಕೋಣೆಗೂ ಬೆರಳಿಟ್ಟು ವಿವರಿಸಿದರು. ಒಬ್ಬರಿಗೊಬ್ಬರು ಸಾಕ್ಷಿ ಹೇಳಿಕೊಂಡರು, ಮೂರನೆಯ ಸಾಕ್ಷಿಗೆ ಹೊರಗೆ ಕಾದಿದ್ದ ಇನ್ನೊಬ್ಬ ಅರ್ಜಿದಾರನನ್ನು ಕರೆದರು. ಮೇಡಂ ಮೂವರ ಹೆಸರಿನ ಮುಂದೆಯೂ ಮಂಜೂರು ಎಂದು ಬರೆದರು.

ತನ್ನ ಸರದಿ ಬಂದಾಗ ಮೈಲಾರಲಿಂಗಪ್ಪ ಮೇಡಂ ಎದುರು ಹೋಗಿ ಕೂತ. ನಲ್ಲಿ, ಕನ್ನಡಿ ಎನ್ನುತ್ತಿದ್ದಂತೆ ಮೇಡಂ ಪೆನ್ನು ಕೆಳಗಿಟ್ಟರು.

“ಇದನ್ನೇ ಮೂರು ಸಲ ಕೇಳಿದೆ. ಬೆಂಚಿನ ಮೇಲೆ ಕೂತು ಬಾಯಿಪಾಠ ಮಾಡಿದ್ರಾ?”

ಇವರೆಲ್ಲ ಕಲಿತದ್ದು ನನ್ನಿಂದಲೇ ಎಂದ. ಬೆಳಿಗ್ಗೆಯಿಂದ ಆ ಮಾತು ಹೇಳಿದವರಲ್ಲಿ ನೀವು ಆರನೆಯವರು ಎಂದರು ಮೇಡಂ. ಬೇರೆ ಯಾರೂ ಹೇಳದಂಥದ್ದು ಏನಾದರೂ ಇದ್ದರೆ ಹೇಳಿ, ಇಲ್ಲದಿದ್ದರೆ ಏಳಿ ಎಂದರು.

ಯಾರಿಗೂ ಹೇಳದ ಒಂದು ನೆನಪಿತ್ತು. ಬೆಳಿಗ್ಗೆಯಿಂದ ಅದನ್ನು ಮುಟ್ಟಿರಲಿಲ್ಲ. ಅವ್ವ ಹೋಗಿ ಇನ್ನೂ ವರ್ಷವಾಗಿರಲಿಲ್ಲ.

“ನಮ್ಮವ್ವ ಹಂಪಮ್ಮ ಅಂತ್ರೀ ಮೇಡಂ. ಐತಾರಕ್ಕೊಮ್ಮಿ ಲೈನಿನ ಹುಡುಗ್ರನ್ನೆಲ್ಲ ನಲ್ಲಿ ಮುಂದ ಸಾಲಾಗಿ ಕುಂದ್ರಿಸಿ, ಒಂದ ಸೋಪಿನ್ಯಾಗ ಎಲ್ಲಾರ್ಗೂ ಜಳಕಾ ಮಾಡಸ್ತಿದ್ಲು. ಯಾರ ಮಗ ಅಂತ ಕೇಳ್ತಿದ್ದಿಲ್ಲ. ಕಣ್ಣಾಗ ನೊರೆ ಹೋಗಿ ಇಡೀ ಲೈನು ಅಳತಿತ್ತು. ಲೈನಿನ್ಯಾಗ ಇದ್ದವ್ರು ಯಾರೂ ನಮ್ಮವ್ವನ್ನ ಮರಿಯಂಗಿಲ್ಲ.”

ಮೇಡಂ ಮುಖ ಮೊದಲ ಸಲ ಸಡಿಲವಾಯಿತು. ಮೂವರ ಕಡೆ ತಿರುಗಿ, ಹೌದೇನ್ರಿ, ಹಂಪಮ್ಮ ಅಂತ ಇದ್ದರಾ ಎಂದು ಕೇಳಿದರು. ಕೊಟ್ರಯ್ಯ ದುರ್ಗಕ್ಕನ ಮುಖ ನೋಡಿದ. ದುರ್ಗಕ್ಕ ಜಡೆಪ್ಪನವರ ಮುಖ ನೋಡಿದಳು. ಜಡೆಪ್ಪನವರು ನೋಟ್‌ಬುಕ್ಕನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ತಿರುವಿ, ಮುಚ್ಚಿ ಹೇಳಿದರು.

“ಅಂಥಾಕಿ ಯಾರೂ ಇದ್ದಿಲ್ರಿ ಮೇಡಂ. ಈ ಮನುಷ್ಯಾನ್ನೂ ನಾವು ನೋಡಿದ್ದು ಇವತ್ತ ಮುಂಜಾನಿ.”

ಮೈಲಾರಲಿಂಗಪ್ಪನ ಹೆಸರಿನ ಮೇಲೆ ಅಡ್ಡಗೆರೆ ಬಿತ್ತು.

ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಸೈಟು ಹೋದದ್ದಕ್ಕಿಂತ ಅವ್ವ ಇರಲೇ ಇಲ್ಲ ಎಂದರಲ್ಲ, ಅದೇ ಸಂಕಟವಾಯಿತು. ಕಂಪ್ಲಿ ಬಸ್ಸು ಎಷ್ಟು ಗಂಟೆಗಿದೆ ಎಂದು ಕೇಳಲೂ ಧೈರ್ಯವಾಗಲಿಲ್ಲ. ಹಿಂದಿನಿಂದ ದುರ್ಗಕ್ಕ ಬಂದು ಪಕ್ಕದಲ್ಲಿ ಕೂತಳು. ಅವಳ ಮುಖದಲ್ಲಿ ನಿಜವಾಗಿಯೂ ಮರುಕವಿತ್ತು, ಸ್ವಲ್ಪ ಸಿಟ್ಟೂ ಇತ್ತು.

“ಎಂಥಾ ಮನುಷ್ಯಾ ಅದಿಯಪ್ಪ. ನಿಮ್ಮವ್ವನ ಸುದ್ದಿ ಮುಂಜಾನೇ ಹೇಳಬಾರದಿತ್ತಾ? ಹೇಳಿದ್ರ ಮೂರೂ ಮಂದಿ ಹೌದು ಅಂತಿದ್ವಿ.”