ಅರಿಶಿನ ಹಚ್ಚಿಸಿಕೊಂಡ ಡಿವಿಡಿ

ಕಲಿತವನಿಗೆ ಹೆದರಿಕೆ ಕಡಿಮೆ ಎನ್ನುತ್ತಾರೆ. ಸುಳ್ಳು. ಕಲಿಯದವನು ಹೆದರಿದರೆ ಓಡಿಹೋಗುತ್ತಾನೆ. ಕಲಿತವನು ಹೆದರಿಲ್ಲವೆಂದು ತೋರಿಸಲು ಅಲ್ಲೇ ನಿಂತಿರಬೇಕಾಗುತ್ತದೆ. ನಾನು ಬಿ.ಎಸ್ಸಿ. ಆದರೂ ಮನೆಯ ಹಳೆಯ ಕಂಪ್ಯೂಟರು ಗುಂಯ್ ಎಂದರೆ ಸಾಕು, ಈಗಲೂ ನನ್ನ ಕಾಲುಗಳು ತಾವಾಗಿ ಕುರ್ಚಿಯ ಮೇಲೆ ಬರುತ್ತವೆ.

ಸೊಲ್ಲಾಪುರದ ವಿಜಾಪುರ ರಸ್ತೆಯ ನಮ್ಮ ಓಣಿಯಲ್ಲಿ ಡಿವಿಡಿ ಕಾಪಿ ಹೊಡೆಯುವ ಕಂಪ್ಯೂಟರು ಉಳಿದಿರುವುದು ನಮ್ಮಲ್ಲಿ ಮಾತ್ರ. ಓಣಿಯವರ ಮದುವೆ, ಭಜನೆಗಳನ್ನೆಲ್ಲ ನಾನೇ ಕಾಪಿ ಮಾಡಿಕೊಟ್ಟಿದ್ದೇನೆ. ಬದಲಿಗೆ ಶೇಂಗಾ ಚಟ್ನಿ ಬರುತ್ತದೆ, ಜೊತೆಗೆ ಸ್ವಲ್ಪ ಗರ್ವವೂ. ಹೋದ ತಿಂಗಳು ಮೈಂದರ್ಗಿಯಿಂದ ನಮ್ಮ ಅತ್ತೆ ಒಂದು ಡಿವಿಡಿಯನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟುಕೊಂಡು ಕಾಪಿ ಮಾಡಿಸಲು ಬಂದರು. ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಅತ್ತೆಯ ಅವ್ವ ಹಾಡಿದ ಜೋಗುಳ ಅದರಲ್ಲಿತ್ತು. ಆ ಅಜ್ಜಿ ಈಗಿಲ್ಲ. ಅವರ ದನಿ ಉಳಿದದ್ದು ಆ ಒಂದೇ ಡಿವಿಡಿಯಲ್ಲಿ.

“ಅಳ್ಯಾರ, ಇದರಾಗ ನಮ್ಮವ್ವ ಇದ್ದಾಳ. ಹುಷಾರ್ರಿ.”

“ಕಾಳಜಿ ಮಾಡಬ್ಯಾಡ್ರಿ ಅತ್ತಿ. ನಾ ಇದ್ದೀನಲ್ಲ?”

“ಅದೇ ಕಾಳಜಿ,” ಎಂದಳು ಒಳಗಿನಿಂದ ಹೆಂಡತಿ.

ನಾನು ಪರದೆಯತ್ತ ಮುಖ ಮಾಡಿ, ಡಿವಿಡಿಯ ಮೇಲೆ ಬೆಳಕು ಬಿದ್ದು ದನಿ ಹೇಗೆ ಹುಟ್ಟುತ್ತದೆಂದು ಅತ್ತೆಗೆ ವಿವರಿಸುತ್ತ, ತಿರುಗಿ ನೋಡದೆ ಕೈ ಹಿಂದೆ ಚಾಚಿದೆ. ಡಿವಿಡಿ ಕೈಗೆ ಬಂತು. ಒಳಗೆ ತಳ್ಳಿದೆ. ಒಂದು ಕ್ಷಣ ಶಾಂತಿ. ಆಮೇಲೆ ಡಬ್ಬಿಯೊಳಗೆ ಮಗ್ಗವೊಂದಕ್ಕೆ ಹುಚ್ಚು ಹಿಡಿದಂತೆ ಖಟಖಟ, ಕಿರ್ರ್, ಫಟ್! ಮೇಜು ನಡುಗಿತು. ನಾನು ದಿವಾನ್ ಮಂಚದ ಮೇಲೆ ನಿಂತಿದ್ದೆ. ಹತ್ತಿದ್ದು ಮಾತ್ರ ನೆನಪಿಲ್ಲ. ಹೆಂಡತಿ ಬಂದು ಪ್ಲಗ್ಗು ಕಿತ್ತಳು.

ಅತ್ತೆ ಮೆಲ್ಲಗೆ ಕೇಳಿದರು: “ಅವ್ವ ಒಡದ್ಲೇನ್ರಿ?”

ಆ ಪ್ರಶ್ನೆ ಈಗಲೂ ನನ್ನ ಕಿವಿಯಲ್ಲಿದೆ. ಡಿವಿಡಿ ನುಂಗಿದ ಡಬ್ಬಿಯ ಬಾಗಿಲು ತೆರೆಯಲೊಲ್ಲದು. ಅದರ ಕೆಳಗಿನ ಸಣ್ಣ ತೂತಿಗೆ ಏನಾದರೂ ಚುಚ್ಚಬೇಕೆಂದೆ. ಅತ್ತೆ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಹೆಂಡತಿಗೆ ಕೊಟ್ಟರು. ನಾನಿನ್ನೂ ಮಂಚದ ಮೇಲೇ ಇದ್ದೆ. ಡಿವಿಡಿ ಹೊರಗೆ ಬಂತು. ಒಡೆದಿರಲಿಲ್ಲ, ಆದರೆ ಹೊಳೆಯುವ ಮೈತುಂಬ ಒದ್ದೆ ಅರಿಶಿನ, ನಡುನಡುವೆ ಕುಂಕುಮ!

“ಅತ್ತಿ, ಇದೇನ್ರಿ?”

“ಅರಿಶಿಣ ಹಚ್ಚಲಾರದ ಯಾವ ಕೆಲಸಾ ಸುರು ಮಾಡತಾರ್ರಿ?”

“ಮಾರಿಗೇ ಹಚ್ಚೀರಲ್ಲ!”

“ಮತ್ತ ಬೆನ್ನಿಗೆ ಹಚ್ಚತಾರೇನು?”

ಬಿ.ಎಸ್ಸಿ.ಯಲ್ಲಿ ಕಲಿಸಿದ್ದು ಬೆಳಕಿನ ಪಾಠ ಮಾತ್ರ, ಅರಿಶಿನದ್ದಲ್ಲ. ಅತ್ತೆ ಕೂಸಿಗೆ ಎರೆಯುವ ಹಾಗೆ ಅದನ್ನು ಅಂಗೈಯಲ್ಲಿಟ್ಟು ಉಗುರುಬೆಚ್ಚಗಿನ ನೀರು ಬಿಟ್ಟು, ಹಳೆಯ ಧೋತರದ ಚೂರಿನಿಂದ ಒತ್ತಿ ಒರೆಸಿದರು. ಈ ಸಲ ಹೆಂಡತಿಯೇ ಹಾಕಿದಳು. ನಾನು ಕೋಣೆಯ ಬಾಗಿಲ ಬಳಿ ನಿಂತು ಮಾರ್ಗದರ್ಶನ ಮಾಡಿದೆ. ಕರಕರ ಎಂದಿತು, ನಿಂತಿತು, ಮತ್ತೆ ತಿರುಗಿತು. ಜೋಗುಳಕ್ಕಿಂತ ಮೊದಲು ಅಜ್ಜಿಯ ಗದರಿಕೆ ಕೇಳಿಸಿತು: “ಆ ಅಳಿಯಗ ಮಶೀನ್ ಮುಟ್ಟಾಕ ಕೊಡಬ್ಯಾಡ್ರೆ, ಏನರ ಕೆಡಸ್ತಾನ!”

ಆಮೇಲೆ ಹಾಡು. ಅತ್ತೆ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಮೊದಲಿನ ಆ ಒಂದು ಮಾತು ಕತ್ತರಿಸಲೇನ್ರಿ, ಅತ್ತಿ?”

“ನಮ್ಮವ್ವನ ಮಾತು ಕತ್ತರಸ್ತೀರೇನು? ಹಂಗ ಇರ್ಲಿ. ಹನ್ನೆರಡು ಕಾಪಿ ತಗೀರಿ.”

ಈಗ ಅಕ್ಕಲಕೋಟೆಯಿಂದ ಮಂದ್ರೂಪದವರೆಗೆ ಹನ್ನೆರಡು ನೆಂಟರ ಮನೆಗಳಲ್ಲಿ ಅಜ್ಜಿ ಹಾಡುತ್ತಾರೆ. ಪ್ಲೇಯರ್ ಇಲ್ಲದ ನೆರೆಯವರನ್ನೂ ಕರೆದು, ಚಹಾ ಕೊಟ್ಟು ಕೇಳಿಸುತ್ತಾರಂತೆ. ನನ್ನ ಬಿ.ಎಸ್ಸಿ. ಸರ್ಟಿಫಿಕೇಟು ಇರುವುದು ಒಂದೇ ಪ್ರತಿ, ಅದೂ ಕಪಾಟಿನ ತಳದಲ್ಲಿ. ಅಜ್ಜಿ ಕೊಟ್ಟ ಸರ್ಟಿಫಿಕೇಟಿಗೆ ಹನ್ನೆರಡು ಪ್ರತಿ. ಒಂದೊಂದನ್ನೂ ಕುರ್ಚಿಯ ಮೇಲೆ ಕಾಲು ಮಡಿಚಿ ಕುಳಿತು ನಾನೇ ತೆಗೆದಿದ್ದೇನೆ.