ಸಮಿತಿಗೊಬ್ಬ ಸಾರ್ವಜನಿಕ

ಕುಡಿಯುವ ನೀರಿನ ಸಲಹಾ ಸಮಿತಿಯ ಸಭೆಗಳು ಇನ್ನು ಮುಂದೆ ಸಾರ್ವಜನಿಕರ ಸಮ್ಮುಖದಲ್ಲಿಯೇ ನಡೆಯತಕ್ಕದ್ದೆಂದೂ, ಸಾರ್ವಜನಿಕರಿಲ್ಲದೆ ನಡೆದ ಸಭೆ ಸಭೆಯೇ ಅಲ್ಲವೆಂದೂ ಸರ್ಕಾರ ಆದೇಶ ಹೊರಡಿಸಿತು. ಸಮಿತಿಯ ಕಾರ್ಯದರ್ಶಿ ಬಾಗಿಲ ಪಕ್ಕ ಸಾರ್ವಜನಿಕರಿಗೆಂದು ಒಂದು ಕುರ್ಚಿ ಹಾಕಿಸಿ, ಸೂಚನಾ ಫಲಕದಲ್ಲಿ ಪ್ರಕಟಣೆ ಅಂಟಿಸಿದ. ಯಾರೂ ಬರಲಿಲ್ಲ. ಇಂಥ ಸಮಿತಿಯೊಂದಿದೆ ಎಂಬುದೇ ಊರಿಗೆ ಗೊತ್ತಿರಲಿಲ್ಲ. ನೇಮಕದ ಆದೇಶ ಕೈಗೆ ಬರುವ ತನಕ ಅವನಿಗೂ ಗೊತ್ತಿರಲಿಲ್ಲವಾದ್ದರಿಂದ ಊರಿನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ.

ಸಭೆಯಿಲ್ಲದಿದ್ದರೆ ಸಮಿತಿಯಿಲ್ಲ, ಸಮಿತಿಯಿಲ್ಲದಿದ್ದರೆ ಕಾರ್ಯದರ್ಶಿಯಿಲ್ಲ. ಬೇರೆ ಕೆಲಸ ತನಗೆ ಬಾರದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಈ ಕೆಲಸವೂ ಬಾರದೆಂಬುದು ಉಳಿದವರಿಗೆ ಇನ್ನೂ ಗೊತ್ತಾಗಿರಲಿಲ್ಲ. ಕೊನೆಗೆ ಅದೇ ಬೀದಿಯಲ್ಲಿದ್ದ ಅಕ್ಕನ ಕಾಲು ಹಿಡಿದ. ಅಕ್ಕ ದರ್ಜಿ. ಬೀದಿಯ ನಲ್ಲಿಗಳಲ್ಲಿ ಕೆಸರುನೀರು ಬಂದು, ಅವಳ ಮಗಳು ಹೊಟ್ಟೆನೋವಿನಿಂದ ಹಾಸಿಗೆ ಹಿಡಿದಿದ್ದಳು.

"ಬರ್ತೀನಿ. ಆದರೆ ಬಾಯಿ ಮುಚ್ಚಿಕೊಂಡು ಕೂರೋಕೆ ನನ್ನ ಕೈಲಾಗಲ್ಲ," ಎಂದಳು.

ಬಂದವಳೇ ನಲ್ಲಿನೀರಿನ ಬಾಟಲಿಯನ್ನು ಅಧ್ಯಕ್ಷರ ಮುಂದಿಟ್ಟು, ಇದಕ್ಕೆ ನೀವು ಏನು ಸಲಹೆ ಕೊಟ್ಟಿದ್ದೀರಿ ಎಂದು ಕೇಳಿದಳು. ಅಧ್ಯಕ್ಷರು ಕಾನೂನು ಸದಸ್ಯರ ಮುಖ ನೋಡಿದರು. ಸಭೆ ತೆರೆದಿರಬೇಕೆಂದು ಆದೇಶದಲ್ಲಿದೆ, ಸದಸ್ಯರು ಬಾಯಿ ತೆರೆಯಬೇಕೆಂದು ಎಲ್ಲೂ ಇಲ್ಲ ಎಂದು ಅವರು ಅಭಿಪ್ರಾಯಪಟ್ಟರು. ಅದೇ ಕೊನೆಯ ಮಾತು. ಸದಸ್ಯರು ಮಧ್ಯಾಹ್ನದವರೆಗೆ ಮೌನವಾಗಿ ಕುಳಿತು, ಚಹಾದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪೈಪುಗಳ ವಿಷಯ ಮಾತಾಡಿದರು. ಚಹಾ ಸಭೆಯಲ್ಲ. "ಸಮಿತಿಯು ಪೂರ್ಣ ಪಾರದರ್ಶಕವಾಗಿ ಕುಳಿತಿತು" ಎಂದು ಕಾರ್ಯದರ್ಶಿ ನಡಾವಳಿಯಲ್ಲಿ ಬರೆದ. ವಾಕ್ಯ ಚೆನ್ನಾಗಿದೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ತುಸು ನಾಚಿಕೆಯೂ ಆಯಿತು.

ಅಕ್ಕ ಬಿಡುವವಳಲ್ಲ. ಮುಂದಿನ ಸಭೆಯಲ್ಲಿ ಬಾಟಲಿ ಹಿಡಿದು ಚಹಾದ ಕೋಣೆಗೇ ನುಗ್ಗಿದಳು. ಇಲ್ಲಿ ಸದಸ್ಯರಿಗೆ ಮಾತ್ರ ಪ್ರವೇಶ ಎಂದರು ಅಧ್ಯಕ್ಷರು. "ಹಾಗಿದ್ರೆ ನನ್ನನ್ನೂ ಸದಸ್ಯೆ ಮಾಡಿ," ಎಂದಳು. ಮಾಡಿದರು.

ಇನ್ನೇನು ನಲ್ಲಿ ಸರಿಹೋಗುತ್ತದೆ ಎಂದು ಕಾರ್ಯದರ್ಶಿ ಹಿಗ್ಗಿದ. ಮರುವಾರ ಅಕ್ಕನ ಮನೆಗೆ ಹೋದರೆ ಅವಳ ಮಗಳು ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಮೂಲೆಯಲ್ಲಿ ಸಮಿತಿಯ ಸದಸ್ಯರಿಗೆ ಕೊಡುವ ಶುದ್ಧ ನೀರಿನ ಕ್ಯಾನುಗಳಿದ್ದವು. ಒಳಗೆ ಏನು ತೀರ್ಮಾನವಾಯಿತು ಎಂದು ಕೇಳಿದ.

ಅಕ್ಕ ಅವನ ಮುಖ ನೋಡಲಿಲ್ಲ. "ಚಹಾದ ವಿಷಯ ಹೊರಗೆ ಹೇಳೋ ಹಾಗಿಲ್ಲ ಕಣೋ. ಸಭೆ ತೆರೆದೇ ಇರುತ್ತಲ್ಲ, ಬಂದು ನೋಡು."

ಕ್ಯಾನುಗಳನ್ನು ಬೀದಿಯೂ ನೋಡಿತು. ಮನೆಗೊಬ್ಬರಂತೆ ಬಾಟಲಿ ಹಿಡಿದು ಸಭೆಗೆ ಬಂದರು, ಚಹಾದ ಕೋಣೆಗೆ ನುಗ್ಗಿದರು, ಸದಸ್ಯರಾದರು. ಕಾರ್ಯದರ್ಶಿ ತಾನೂ ಆಗಬಹುದೇ ಎಂದು ಸಂಕೋಚದಿಂದ ವಿಚಾರಿಸಿದ. ನೌಕರರು ಸದಸ್ಯರಾಗುವಂತಿಲ್ಲ, ಸಾರ್ವಜನಿಕರಾಗಲು ಅಡ್ಡಿಯಿಲ್ಲ, ಹೇಗೂ ಒಬ್ಬರು ಬೇಕಲ್ಲ ಎಂದರು ಕಾನೂನು ಸದಸ್ಯರು. ಅವನಿಗೆ ಅದು ನ್ಯಾಯವಾಗಿಯೇ ಕಂಡಿತು.

ಅತ್ಯಂತ ಪಾರದರ್ಶಕ ಸಮಿತಿಯೆಂದು ಸರ್ಕಾರ ಪ್ರಶಂಸಿಸಿ ವರದಿ ಕೇಳಿತು. ಅವನು ಮನೆಯಲ್ಲಿ ನಲ್ಲಿನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದು ಬರೆಯಲು ಕೂತ. ನೀರಿನ ಬಗ್ಗೆ ಸಾರ್ವಜನಿಕರಿಂದ ಯಾವ ದೂರೂ ಇಲ್ಲವೆಂದು ಬರೆದ. ಸಾರ್ವಜನಿಕರನ್ನು ಕೇಳದೆ ಹಾಗೆ ಬರೆಯುವುದು ಸರಿಯಲ್ಲವೆನ್ನಿಸಿ, ಪೆನ್ನು ಕೆಳಗಿಟ್ಟು ತನ್ನನ್ನೇ ಕೇಳಿಕೊಂಡ. ನಿಜವಾಗಿಯೂ ಇರಲಿಲ್ಲ. ಸಹಿ ಹಾಕಿದ.